ನಾಲ್ಕನೆಯ ಅಕ್ಷರ ಹೇಳುವ ಮಾತು

ಮನೆಯಲ್ಲಿರುವ ಪ್ಯಾನ್ ಕಾರ್ಡನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಹತ್ತು ಅಕ್ಷರ-ಅಂಕಿಗಳ ಸಾಲಿನಲ್ಲಿ ನಾಲ್ಕನೆಯದು ‘ಪಿ’ ಆಗಿದ್ದರೆ ಅದು ವ್ಯಕ್ತಿಯ ಕಾರ್ಡು. ‘ಎಚ್’ ಆಗಿದ್ದರೆ ಹಿಂದೂ ಅವಿಭಕ್ತ ಕುಟುಂಬದ್ದು. ಆದಾಯ ತೆರಿಗೆಯ ರಿಟರ್ನಿನಲ್ಲಿ ತೆರಿಗೆದಾರನ ಸ್ಥಾನಮಾನ ಎಂದು ತೋರಿಸಬೇಕಾದದ್ದೂ ಇದನ್ನೇ. ಅಮೆರಿಕದಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಸಲ್ಲಿಸಬಹುದು. ನಮ್ಮ ದೇಶದಲ್ಲಿ ಅದಿಲ್ಲ. ಇಬ್ಬರ ಲೆಕ್ಕವೂ ಬೇರೆ ಬೇರೆ. ಆದರೆ ಅವಿಭಕ್ತ ಕುಟುಂಬವನ್ನು ಕಾನೂನು ಪ್ರತ್ಯೇಕ ತೆರಿಗೆದಾರನೆಂದು ಒಪ್ಪುತ್ತದೆ.

ಹಳೇಬೀಡಿನ ಮಗ್ಗುಲಲ್ಲೇ ಇರುವ ಬಸ್ತಿಹಳ್ಳಿ ಹೊಯ್ಸಳರ ಕಾಲದ ಜೈನ ಬಸದಿಗಳ ಊರು. ಹೆಸರಿನಲ್ಲಿ ‘ಹಿಂದೂ’ ಎಂದಿದ್ದರೂ ಈ ಸ್ಥಾನಮಾನ ಜೈನ ಕುಟುಂಬಗಳಿಗೂ ಉಂಟು. ಅಲ್ಲಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆ ಶಿಕ್ಷಕರು. ಕಡಿತಗಳೆಲ್ಲ ಕಳೆದು ಅವರ ಸಂಬಳದ ಆದಾಯ 9 ಲಕ್ಷ ರೂಪಾಯಿ. ಅಜ್ಜನ ಕಾಲದ ಮಳಿಗೆಗಳ ಬಾಡಿಗೆಯಿಂದ ನಿವ್ವಳ 6 ಲಕ್ಷ. ಮಗಳು ಕಾಲೇಜು ವಿದ್ಯಾರ್ಥಿನಿ. ಬಾಡಿಗೆಯನ್ನು ಯಾರ ಲೆಕ್ಕದಲ್ಲಿ ತೋರಿಸಬೇಕು?

2025-26ರ ಆದಾಯಕ್ಕೆ ಹೊಸ ತೆರಿಗೆ ಪದ್ಧತಿಯಂತೆ ಲೆಕ್ಕ ಹಾಕಿದರೆ, ಎರಡನ್ನೂ ತಂದೆಯೇ ತೋರಿಸಿದಾಗ 15 ಲಕ್ಷಕ್ಕೆ ಸೆಸ್ ಸೇರಿ 1,09,200 ರೂ. ತೆರಿಗೆ. ಬಾಡಿಗೆ ಕುಟುಂಬದ್ದಾದರೆ ತಂದೆಗೆ ತೆರಿಗೆಯೇ ಇಲ್ಲ. 12 ಲಕ್ಷದವರೆಗಿನ ರಿಯಾಯಿತಿ ಅವರನ್ನು ಕಾಪಾಡುತ್ತದೆ. ಕುಟುಂಬಕ್ಕೆ ಆ ರಿಯಾಯಿತಿ ಇಲ್ಲ. ಮೊದಲ 4 ಲಕ್ಷ ಬಿಟ್ಟು ಉಳಿದ 2 ಲಕ್ಷಕ್ಕೆ ಅದು 10,400 ರೂ. ಕಟ್ಟಬೇಕು. ಅಂತರ ಸುಮಾರು ಒಂದು ಲಕ್ಷ. ಮಗಳ ಓದಿಗೆ ಒದಗುವ ಹಣ.

ಹಾಗೆಂದು ಲಾಭ ನೋಡಿ ಸ್ಥಾನಮಾನ ಆರಿಸಿಕೊಳ್ಳುವಂತಿಲ್ಲ. ಆಸ್ತಿ ಎಲ್ಲಿಂದ ಬಂತು ಎಂಬುದೇ ಮುಖ್ಯ. ಹಿರಿಯರಿಂದ ಬಂದ ಆಸ್ತಿ ಕುಟುಂಬದ ವಿಭಾಗದಲ್ಲಿ ತಂದೆಯ ಪಾಲಿಗೆ ಬಂದಿದ್ದರೆ, ಅದು ಅವರ, ಹೆಂಡತಿಯ, ಮಕ್ಕಳ ಅವಿಭಕ್ತ ಕುಟುಂಬದ್ದು. ಅಜ್ಜ ಸ್ವಂತ ದುಡಿಮೆಯಿಂದ ಕೊಂಡು, ಉಯಿಲು ಬರೆಯದೆ ತೀರಿಕೊಂಡಿದ್ದರೆ, ತಂದೆಗೆ ಬಂದ ಪಾಲು ಅವರ ವೈಯಕ್ತಿಕ ಆಸ್ತಿ. 1986ರಲ್ಲಿ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆಂದು ತೀರ್ಮಾನಿಸಿತು. ತಮ್ಮ ಸ್ವಂತ ಆಸ್ತಿಯನ್ನು ತಂದೆ ಈಗ ಕುಟುಂಬಕ್ಕೆ ಸೇರಿಸಿದರೂ ಅದರ ಆದಾಯ ಅವರ ಲೆಕ್ಕಕ್ಕೇ ಬರುತ್ತದೆ. ಸಂಬಳವಂತೂ ಯಾವಾಗಲೂ ದುಡಿದವರದೇ.

ಮನೆಯ ಹಿರಿಯ ತೀರಿಕೊಂಡರೆ ಕುಟುಂಬದ ಸ್ಥಾನಮಾನ ಹೋಗುತ್ತದೆಯೆ? ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ಗೌಳಿ ಬುದ್ದಣ್ಣ ಪ್ರಕರಣ ಇದಕ್ಕೆ ಉತ್ತರ. 1952ರಲ್ಲಿ ತಂದೆ ತೀರಿಕೊಂಡಾಗ ಮನೆಯಲ್ಲಿ ಉಳಿದವರು ದತ್ತುಪುತ್ರ ಬುದ್ದಣ್ಣ, ತಾಯಿ ಮತ್ತು ಮದುವೆಯಾಗದ ಇಬ್ಬರು ಸೋದರಿಯರು. ಗಂಡಸು ಒಬ್ಬನೇ ಆದ್ದರಿಂದ ಅವನನ್ನು ವ್ಯಕ್ತಿಯೆಂದೇ ಎಣಿಸಬೇಕೆಂಬುದು ವಾದ. ಹೆಂಗಸರೂ ಕುಟುಂಬದ ಸದಸ್ಯರೇ, ಅವಿಭಕ್ತ ಕುಟುಂಬ ಮುಂದುವರಿಯುತ್ತದೆ ಎಂದು 1966ರಲ್ಲಿ ತೀರ್ಪಾಯಿತು. ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಹಕ್ಕನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು. 2005ರಲ್ಲಿ ದೇಶದ ಎಲ್ಲ ಹೆಣ್ಣುಮಕ್ಕಳಿಗೂ ಅದು ದೊರೆಯಿತು.

ಮಕ್ಕಳ ಹೆಸರಿನ ಠೇವಣಿಯ ವಿಷಯದಲ್ಲೂ ಎಚ್ಚರ ಬೇಕು. ಹದಿನೆಂಟು ತುಂಬದ ಮಗುವಿನ ಹೆಸರಿನಲ್ಲಿಟ್ಟ ಹಣದ ಬಡ್ಡಿ, ತಂದೆ-ತಾಯಿಯರಲ್ಲಿ ಹೆಚ್ಚು ಆದಾಯವಿರುವವರ ಲೆಕ್ಕಕ್ಕೆ ಸೇರುತ್ತದೆ. ಮಗು ತನ್ನ ದುಡಿಮೆ ಅಥವಾ ಪ್ರತಿಭೆಯಿಂದ ಗಳಿಸಿದ್ದು ಮಾತ್ರ ಅದರದೇ.

ಅವಿಭಕ್ತ ಕುಟುಂಬಕ್ಕೆ ಬೇರೆ ಪ್ಯಾನ್, ಬೇರೆ ರಿಟರ್ನ್ ಬೇಕು. ‘ಸಹಜ್’ ನಮೂನೆ ಅದಕ್ಕಲ್ಲ. ಅರ್ಜಿ ತುಂಬುವ ಮೊದಲು ಪೆಟ್ಟಿಗೆಯಲ್ಲಿರುವ ವಿಭಾಗಪತ್ರ, ಕ್ರಯಪತ್ರಗಳನ್ನು ಮಕ್ಕಳ ಕೈಲೇ ಓದಿಸಿ. ಮಳಿಗೆ ಯಾರು ಕೊಂಡದ್ದು ಎಂದು ಅವರು ಅಜ್ಜಿಯನ್ನು ಕೇಳಲಿ. ನಾಲ್ಕನೆಯ ಅಕ್ಷರ ಏನಾಗಬೇಕೆಂಬುದು ಆ ಉತ್ತರದಲ್ಲಿದೆ.