ಸರೋವರದ ವಿಶ್ರಾಂತಿ ಯಾರಿಗೆ?

ಉದಯಪುರದ ಪಿಚೋಲಾ ಸರೋವರದ ನಡುವೆ ಮಹಾರಾಣಾ ಎರಡನೆಯ ಜಗತ್‌ಸಿಂಹನು 18ನೆಯ ಶತಮಾನದಲ್ಲಿ ಕಟ್ಟಿಸಿದ ಜಗನಿವಾಸವು 1963ರಲ್ಲಿ ಹೋಟೆಲಾಯಿತು. ಅರಸರ ವಿಹಾರಕ್ಕಿದ್ದ ಆ ಅರಮನೆಯಲ್ಲಿ ಇಂದು ಹಣವುಳ್ಳ ದಂಪತಿಗಳು ಎರಡು ದಿನ ತಂಗಿ ದಣಿವಾರಿಸಿಕೊಳ್ಳುತ್ತಾರೆ. ಅದರಲ್ಲಿ ನಮಗೆ ಅಸೂಯೆಯಿಲ್ಲ, ದುಡಿದವರು ವಿಶ್ರಮಿಸಲಿ. ಆದರೆ ಅತಿಥಿಗಳಿಗೆ ಹಾಸಿಗೆ ಹಾಸುವವನೂ ತಟ್ಟೆ ತೊಳೆಯುವವನೂ ದುಡಿದವರೇ ಅಲ್ಲವೆ?

ಠಾಕುರ್ಲಿಯ ಬಾಡಿಗೆ ಕೋಣೆಗಳಲ್ಲಿರುವ ನಮ್ಮ ಹೋಟೆಲು ನೌಕರ ಬಂಧುಗಳು ನಸುಕಿನ ಲೋಕಲ್ ಹಿಡಿದು ಹೊರಟರೆ ಮರಳುವುದು ಮಕ್ಕಳು ಮಲಗಿದ ಮೇಲೆ. ಗುಮಾಸ್ತರಿಗಾದರೂ ಭಾನುವಾರವಿದೆ, ಹೋಟೆಲಿಗೆ ಭಾನುವಾರವೇ ವ್ಯಾಪಾರದ ದಿನ. ವಾರಕ್ಕೊಂದು ರಜೆಯನ್ನು 1948ರ ಮುಂಬಯಿ ಅಂಗಡಿ ಕಾಯಿದೆಯೇ ವಿಧಿಸಿತ್ತು. 2017ರ ಮಹಾರಾಷ್ಟ್ರ ಕಾಯಿದೆಯು ಎಡೆಬಿಡದ 24 ಗಂಟೆಗಳ ವಿರಾಮವೆಂದು ಹೇಳಿತು. ತಮ್ಮದು ಚಿಕ್ಕ ಹೋಟೆಲು, ಕಾಯಿದೆ ಅನ್ವಯಿಸದೆಂದು ಮಾಲಿಕರು ನುಣುಚಿಕೊಳ್ಳಬಾರದು. ನಾವೂ ಗಲ್ಲೆಯಲ್ಲಿ ಕುಳಿತು ಬಂದವರು. ಏಳು ಮಂದಿಯಲ್ಲಿ ದಿನಕ್ಕೊಬ್ಬರಂತೆ ಬಿಡುವು ಕೊಟ್ಟರೆ ಒಲೆ ಆರುವುದಿಲ್ಲವೆಂಬುದನ್ನು ಬಲ್ಲೆವು.

ನೌಕರರಿಗೂ ಒಂದು ಮಾತು. ರಜೆಯನ್ನು ಹೆಚ್ಚಿನ ಕೂಲಿಗಾಗಿ ಮಾರಿಕೊಳ್ಳಬೇಡಿರಿ. ಠಾಣಾ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಮಾಸುಂದಾ ಕೆರೆಯಿದೆ. ಬಳಿಯಲ್ಲಿ ಕೌಪಿನೇಶ್ವರನ ದೇಗುಲವಿದೆ. ಮಡದಿಯೊಡನೆ ಒಂದು ಸಂಜೆ ಅಲ್ಲಿ ಕುಳಿತು ಬನ್ನಿರಿ. ಇನ್ನೊಬ್ಬರು ತಂದಿಟ್ಟ ಚಹವನ್ನು ನಿಧಾನವಾಗಿ ಕುಡಿಯಿರಿ. ಆ ಕೆರೆಯ ದಡಕ್ಕೆ ಬಾಡಿಗೆಯಿಲ್ಲ. ಬೇಕಾದದ್ದು ಒಂದು ದಿನದ ಬಿಡುವು. ಅದನ್ನು ಕೊಡುವುದು ಮಾಲಿಕರ ಧರ್ಮ, ಕೇಳುವುದು ನೌಕರರ ಹಕ್ಕು.