ಭಕ್ತರಿದ್ದಾರೆ, ಪ್ರೇಕ್ಷಕರೆಲ್ಲಿ?

1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಗೆದ್ದಿತು. ರಾಜ್‌ಕುಮಾರ್ ಎಂಬ ನಾಯಕನನ್ನು ಕನ್ನಡಕ್ಕೆ ಕೊಟ್ಟಿತು. 2025ರ ಜೂನ್‌ನಲ್ಲಿ ಅದೇ ಬೇಡನ ಕಥೆ ತೆಲುಗಿನಲ್ಲಿ ‘ಕಣ್ಣಪ್ಪ’ನಾಗಿ ಬಂತು. ಪ್ರಭಾಸ್, ಮೋಹನ್‌ಲಾಲ್, ಅಕ್ಷಯ್ ಕುಮಾರ್ ಅವರಂಥ ತಾರೆಯರು, ನ್ಯೂಜಿಲೆಂಡ್‌ನ ಕಾಡುಬೆಟ್ಟ, ಭಾರೀ ಬಜೆಟ್ಟು ಎಲ್ಲ ಇದ್ದೂ ಚಿತ್ರ ಸೋತಿತು. ಶಿವನೂ ಅವನೇ, ಭಕ್ತನೂ ಅವನೇ. ಎಪ್ಪತ್ತು ವರ್ಷಗಳಲ್ಲಿ ಜನರ ಭಕ್ತಿ ಬತ್ತಿಹೋಯಿತೆ? ಹಾಗೆನ್ನುವಂತಿಲ್ಲ. ಮರುತಿಂಗಳೇ ಬಂದ ‘ಮಹಾವತಾರ ನರಸಿಂಹ’ ಎಂಬ ಆನಿಮೇಷನ್ ಚಿತ್ರ ತಾರೆಯರ ಹಂಗಿಲ್ಲದೆ, ಬಾಯಿಂದ ಬಾಯಿಗೆ ಹರಡಿದ ಮೆಚ್ಚುಗೆಯಿಂದಲೇ ವಾರಗಟ್ಟಲೆ ಓಡಿತು.

ಭಕ್ತಿಚಿತ್ರಕ್ಕೆ ಹೋಗುವವರಿಗೆ ಕಥೆ ಮೊದಲೇ ಗೊತ್ತು. ಕಂಬ ಒಡೆಯುತ್ತದೆ, ನರಸಿಂಹ ಬರುತ್ತಾನೆ, ಪ್ರಹ್ಲಾದ ಉಳಿಯುತ್ತಾನೆ. ಮುಂದೇನು ಎಂಬ ಕುತೂಹಲ ಅಲ್ಲಿ ಕೆಲಸ ಮಾಡುವುದಿಲ್ಲ. ನಡುವಿನ ಕಷ್ಟವನ್ನು ಒಂದು ಜೀವ ಹೇಗೆ ತಾಳಿಕೊಂಡಿತು ಎಂಬುದೇ ನೋಡಬೇಕಾದದ್ದು. ದೇವರಿಗೆ ಹಸಿವಿಲ್ಲ, ಸಂಶಯವಿಲ್ಲ, ಸೋಲಿನ ಭಯವಿಲ್ಲ. ಇವೆಲ್ಲ ಇರುವುದು ಭಕ್ತನಿಗೆ. 1974ರ ‘ಭಕ್ತ ಕುಂಬಾರ’ದಲ್ಲಿ ಗೋರ ವಿಠ್ಠಲನ ಧ್ಯಾನದಲ್ಲಿ ಮೈಮರೆತು ಮಣ್ಣು ತುಳಿಯುತ್ತಾನೆ, ತನ್ನ ಕೂಸೇ ಕಾಲಡಿಗೆ ಸಿಕ್ಕಿದ್ದು ಅವನಿಗೆ ತಿಳಿಯುವುದಿಲ್ಲ. ಆ ಭಕ್ತಿ ದೊಡ್ಡದೋ ಕ್ರೂರವೋ ಎಂಬ ಪ್ರಶ್ನೆ ಭಕ್ತರನ್ನೂ ಕಾಡುವಂಥದ್ದು. ‘ಬೇಡರ ಕಣ್ಣಪ್ಪ’ದಲ್ಲೂ ಬೇಡನ ಮುಗ್ಧತೆ ಗುಡಿಯೊಳಗಿನ ಅಧಿಕಾರವನ್ನು ಎದುರಿಸುತ್ತದೆ. ದೇವರು ಪ್ರತ್ಯಕ್ಷನಾಗುವ ಮೊದಲು ಮನುಷ್ಯ ತೆತ್ತ ಬೆಲೆ ಏನು ಎಂಬುದನ್ನು ಇಂಥ ಚಿತ್ರಗಳು ಮರೆಮಾಚಲಿಲ್ಲ.

1975ರ ಹಿಂದಿ ಚಿತ್ರ ‘ಜೈ ಸಂತೋಷಿ ಮಾ’ವನ್ನು ಗಮನಿಸಿ. ‘ಶೋಲೆ’ ಬಂದ ವರ್ಷವದು. ಕಡಿಮೆ ಖರ್ಚಿನ ಈ ಚಿತ್ರ ಅದರ ಜೊತೆಜೊತೆಗೇ ಓಡಿತು. ಪ್ರೇಕ್ಷಕರು ಚಪ್ಪಲಿ ಬಿಟ್ಟು ಒಳಗೆ ಹೋದರು, ಪರದೆಯತ್ತ ನಾಣ್ಯ ಎಸೆದರು. ಇದನ್ನು ಮೂಢಭಕ್ತಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಕಥೆಯ ನಾಯಕಿ ಸತ್ಯವತಿ ಗಂಡನ ಮನೆಯಲ್ಲಿ ನವೆಯುವ ಸೊಸೆ. ಅವಳು ಹಿಡಿಯುವ ಶುಕ್ರವಾರದ ವ್ರತಕ್ಕೆ ಪುರೋಹಿತ ಬೇಡ, ದಕ್ಷಿಣೆ ಬೇಡ. ಬೆಲ್ಲ, ಕಡಲೆ ಸಾಕು. ಎಂಥ ಬಡವಿಯೂ ಮರುದಿನವೇ ಮನೆಯಲ್ಲಿ ಮಾಡಬಹುದಾದ ಪೂಜೆ. ತಮ್ಮ ದುಃಖಕ್ಕೆ ಅಷ್ಟು ಹತ್ತಿರದ ದೇವಿಯನ್ನು ಹೆಂಗಸರು ಕೈಬಿಡುವುದುಂಟೆ?

2023ರ ‘ಆದಿಪುರುಷ್’ ಪ್ರತಿ ಥಿಯೇಟರಿನಲ್ಲೂ ಹನುಮಂತನಿಗೊಂದು ಸೀಟು ಕಾಯ್ದಿರಿಸುವುದಾಗಿ ಸಾರಿತು. ಮೊದಲ ಮೂರು ದಿನ ಜನ ನುಗ್ಗಿದರು. ಹನುಮಂತನ ಬಾಯಲ್ಲಿ ಬೀದಿಜಗಳದ ಮಾತು ಕೇಳಿದ ಮೇಲೆ ಗಳಿಕೆ ಕುಸಿಯಿತು. ತಂಡ ಸಂಭಾಷಣೆ ಬದಲಿಸಿದರೂ ಹೋದವರು ಮರಳಲಿಲ್ಲ. ಶ್ರದ್ಧೆಯುಳ್ಳ ಪ್ರೇಕ್ಷಕ ಸುಲಭವಾಗಿ ಒಲಿಯುತ್ತಾನೆಂದು ನಿರ್ಮಾಪಕರು ಭಾವಿಸುತ್ತಾರೆ. ಅವನಷ್ಟು ಕಟುವಾದ ವಿಮರ್ಶಕ ಇನ್ನೊಬ್ಬನಿಲ್ಲ. ಅಜ್ಜಿಯಿಂದ ಕೇಳಿದ, ಯಕ್ಷಗಾನದಲ್ಲಿ ಕಂಡ ರಾಮ ಅವನ ಮನಸ್ಸಿನಲ್ಲಿ ಮೊದಲೇ ಕೂತಿರುತ್ತಾನೆ. ಪರದೆಯ ರಾಮ ಆ ರಾಮನಿಗೆ ಸಮನಾಗಬೇಕು.

ಲೆಕ್ಕಾಚಾರದ ಪಾತ್ರವೂ ಇದೆ, ಒಪ್ಪಬೇಕು. ‘ಆದಿಪುರುಷ್’ ನೂರಾರು ಕೋಟಿ ಗಳಿಸಿಯೂ ಸೋಲಾದದ್ದು ಅದಕ್ಕಿಂತ ಹೆಚ್ಚು ಸುರಿದದ್ದರಿಂದ. ಸುಮಾರು 16 ಕೋಟಿಯಲ್ಲಿ ತಯಾರಾದ ‘ಕಾಂತಾರ’ 2022ರಲ್ಲಿ ಅದರ ಇಪ್ಪತ್ತು ಪಟ್ಟಿಗೂ ಮೀರಿ ಗಳಿಸಿತು. ಆದರೆ ಮಿತವ್ಯಯವೊಂದೇ ಗೆಲ್ಲಿಸುವುದಾದರೆ ಅಗ್ಗದ ಭಕ್ತಿಚಿತ್ರಗಳೆಲ್ಲ ಗೆಲ್ಲಬೇಕಿತ್ತು. ಪಂಜುರ್ಲಿ, ಗುಳಿಗ ಎಂಬ ದೈವಗಳ ಹೆಸರನ್ನೇ ಕೇಳದ ಉತ್ತರ ಭಾರತದವರೂ ‘ಕಾಂತಾರ’ವನ್ನು ಅಪ್ಪಿಕೊಂಡರು. ದೈವ ಅವರಿಗೆ ಹೊಸದು. ಭೂಮಿ ಕಳೆದುಕೊಳ್ಳುವ ಭಯ, ಅಪ್ಪ ಬಿಟ್ಟುಹೋದ ಹೊಣೆಯಿಂದ ತಪ್ಪಿಸಿಕೊಳ್ಳುವ ಮಗ, ಇವು ಹೊಸದಲ್ಲ.

ಒಂದು ಚಿತ್ರ ಗೆದ್ದೊಡನೆ ಗಾಂಧಿನಗರದಿಂದ ಮುಂಬೈವರೆಗೆ ಪುರಾಣದ ಪಾತ್ರಗಳ ಹೆಸರಿನಲ್ಲಿ ಸಾಲುಸಾಲು ಮುಹೂರ್ತಗಳು ನಡೆಯುತ್ತವೆ. ಭಕ್ತರ ಸಂಖ್ಯೆಯನ್ನೇ ಟಿಕೆಟ್ಟಿನ ಸಂಖ್ಯೆಯೆಂದು ಎಣಿಸುವ ತಪ್ಪು ಅಲ್ಲಿಂದಲೇ ಶುರು. ದೇವರ ದರ್ಶನ ಗುಡಿಯಲ್ಲಿ ಪುಕ್ಕಟೆ ಸಿಗುತ್ತದೆ. ದುಡ್ಡು ಕೊಟ್ಟು ಕತ್ತಲಲ್ಲಿ ಕೂರುವವನು ಕೇಳುವುದು ಇನ್ನೊಂದನ್ನು: ನಂಬಿ ಬದುಕುವುದು ಎಷ್ಟು ಕಷ್ಟವೆಂದು ಬಲ್ಲ ಒಬ್ಬ ಮನುಷ್ಯನ ಕಥೆಯನ್ನು.