ವಂಶದ ಚಾರ್ಟ್ ಮೊದಲು, ರಕ್ತದ ಪರೀಕ್ಷೆ ಆಮೇಲೆ

ಹತ್ತನೇ ತರಗತಿಗೆ ಬಂದವರೆಲ್ಲ ಮೆಂಡೆಲ್‌ನ ಬಟಾಣಿ ಗಿಡದ ಪಾಠ ಓದಿರುತ್ತೀರಿ. ಎತ್ತರದ ಗಿಡ, ಗಿಡ್ಡ ಗಿಡ, 3:1. ಪರೀಕ್ಷೆಯಲ್ಲಿ ಬರೆದು ಅಲ್ಲಿಗೇ ಬಿಟ್ಟುಬಿಡುತ್ತೀರಿ. ಅದೇ ಲೆಕ್ಕ ನಮ್ಮ ರಾಯದುರ್ಗ, ಮಡಕಶಿರಾ ಕಡೆಯ ಮನೆಗಳಲ್ಲಿ ಹೇಗೆ ನಡೆಯಬಹುದು ಅಂತ ಈ ಸಲ ನೋಡೋಣ. ವಿಷಯ ಮಿದುಳಿನ ರಕ್ತನಾಳಗಳದ್ದು.

ಊರಲ್ಲಿ ಯಾರಿಗೋ ಲಕ್ವ ಹೊಡೆಯಿತು ಅನ್ನುವ ಮಾತು ನೀವು ಕೇಳಿರುತ್ತೀರಿ. ಹೆಚ್ಚಿನ ಲಕ್ವಕ್ಕೆ ಕಾರಣ ಬಿಪಿ, ಸಕ್ಕರೆ ಕಾಯಿಲೆ, ಬೀಡಿ, ಸಿಗರೇಟು, ಹೃದಯದ ತೊಂದರೆ. ಆದರೆ ಕೆಲವೇ ಕೆಲವು ಮನೆತನಗಳಲ್ಲಿ ಬಿಪಿ ಇಲ್ಲ, ಬೀಡಿ ಇಲ್ಲ, ಆದರೂ ನಲವತ್ತು ಐವತ್ತರ ಹೊತ್ತಿಗೆ ತಾತನಿಗೆ, ಆಮೇಲೆ ಅತ್ತೆಗೆ, ಆಮೇಲೆ ಅಪ್ಪನಿಗೆ ಹೊಡೆಯುತ್ತದೆ. ಮೊದಲೆಲ್ಲ ಇದಕ್ಕೆ ಗಾಳಿ, ಶಾಪ, ಸೊಸೆಯ ಕಾಲ್ಗುಣ ಅಂತ ಏನೇನೋ ಹೇಳುತ್ತಿದ್ದರು. ಈಗ ಅಂಥ ಕೆಲವು ಕಾಯಿಲೆಗಳ ವಂಶವಾಹಿ ಗೊತ್ತಾಗಿದೆ.

ಅವುಗಳಲ್ಲಿ ಒಂದು ಕ್ಯಾಡಸಿಲ್. ಇದರ ವಂಶವಾಹಿಯ ಹೆಸರು ನಾಚ್-3, ಇರುವುದು 19ನೇ ಕ್ರೋಮೋಸೋಮಿನಲ್ಲಿ. 1996ರಲ್ಲಿ ಫ್ರಾನ್ಸಿನ ಸಂಶೋಧಕರು ಇದನ್ನು ಗುರುತಿಸಿದರು. ಈ ವಂಶವಾಹಿ ಮಾಡಿಸುವ ಪ್ರೋಟೀನಿನಲ್ಲಿ ಒಂದೇ ನಮೂನೆಯ 34 ತುಂಡುಗಳು ಸಾಲಾಗಿವೆ. ಪ್ರತಿ ತುಂಡಿನಲ್ಲೂ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ ಆರು ಇರುತ್ತದೆ, ಎರಡೆರಡಾಗಿ ಮೂರು ಜೋಡಿ. ವಂಶವಾಹಿಯಲ್ಲಿ ಒಂದಕ್ಷರ ತಪ್ಪಿದರೆ ಒಂದು ತುಂಡಿನಲ್ಲಿ ಆರರ ಬದಲು ಐದೋ ಏಳೋ ಆಗುತ್ತದೆ, ಒಂದು ಸಿಸ್ಟೀನ್ ಜೋಡಿ ಇಲ್ಲದೆ ಉಳಿಯುತ್ತದೆ. ಅಂಥ ಪ್ರೋಟೀನು ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಗಂಟುಗಂಟಾಗಿ ಸೇರಿಕೊಳ್ಳುತ್ತದೆ. ನಾಳ ನಿಧಾನವಾಗಿ ಹಾಳಾಗುತ್ತದೆ. ಅರೆತಲೆನೋವಿನಿಂದ ಶುರುವಾಗಿ, ಮುಂದೆ ಲಕ್ವ, ಕೊನೆಗೆ ಮರೆವು. ಇದು ಪ್ರಬಲ ಗುಣ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ 1/2. ಸಂಬಂಧದಲ್ಲಿ ಮದುವೆಯಾದರೂ ಅಷ್ಟೇ, ಹೊರಗಿನಿಂದ ಹೆಣ್ಣು ತಂದರೂ ಅಷ್ಟೇ.

ಇನ್ನೊಂದು ಕ್ಯಾರಸಿಲ್. ಹೆಸರು ಹತ್ತಿರ, ಲೆಕ್ಕ ಬೇರೆ. 2009ರಲ್ಲಿ ಜಪಾನಿನ ಸಂಶೋಧಕರು ಇದರ ವಂಶವಾಹಿ ಎಚ್‌ಟಿಆರ್‌ಎ-1 ಅಂತ ತೋರಿಸಿದರು. ಚಿಕ್ಕ ವಯಸ್ಸಿನಲ್ಲೇ ಕೂದಲು ಉದುರುವುದು, ಸೊಂಟನೋವು, ಆಮೇಲೆ ಮೂವತ್ತರ ಆಸುಪಾಸಿನಲ್ಲಿ ಲಕ್ವ ಇದರ ಲಕ್ಷಣಗಳು. (ಬಾಚಣಿಗೆಯಲ್ಲಿ ನಾಲ್ಕು ಕೂದಲು ಕಂಡ ತಕ್ಷಣ ಗಾಬರಿ ಬೀಳಬೇಡಿ, ಈ ಕಾಯಿಲೆ ಬಲು ಅಪರೂಪ.) ಇದು ದುರ್ಬಲ ಗುಣ. ಕೆಟ್ಟ ಪ್ರತಿ ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು, ಎರಡೂ ಬಂದರೆ ಪೂರ್ಣ ಕಾಯಿಲೆ. ಒಂದೇ ಇದ್ದವರಲ್ಲಿ ಕೆಲವರಿಗೆ ಮಾತ್ರ ವಯಸ್ಸಾದ ಮೇಲೆ ಸ್ವಲ್ಪ ತೊಂದರೆ ಕಾಣಬಹುದು.

ಇಲ್ಲಿ ನಮ್ಮ ಸೀಮೆಯ ಮಾತು ಬರುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರಮಾವನ ಮಗನಿಗೆ ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಆಂಧ್ರದಲ್ಲೂ ಕರ್ನಾಟಕದಲ್ಲೂ ಸುಮಾರು ಕಾಲುಭಾಗ ಮದುವೆಗಳು ಕಳ್ಳುಬಳ್ಳಿಯ ಒಳಗೇ ಆಗುತ್ತವೆ. ಲೆಕ್ಕ ಮಾಡಿ. ಒಬ್ಬ ಗಂಡಸಿನಲ್ಲಿ ಕೆಟ್ಟ ಪ್ರತಿ ಒಂದಿದೆ ಅನ್ನಿ. ಅದು ಅವನ ಅಪ್ಪನಿಂದಲೋ ಅಮ್ಮನಿಂದಲೋ ಬಂದದ್ದು. ಅವನ ಅಕ್ಕನಲ್ಲೂ ಅದಿರುವ ಸಾಧ್ಯತೆ 1/2, ಅಕ್ಕನ ಮಗಳಲ್ಲಿ 1/4. ಇಬ್ಬರಲ್ಲೂ ಇದ್ದರೆ ಮಗುವಿಗೆ ಎರಡೂ ಕೆಟ್ಟ ಪ್ರತಿ ಸಿಗುವ ಸಾಧ್ಯತೆ 1/4. ಗುಣಿಸಿದರೆ 1/16. ಅದೇ ಅವನು ದೂರದ ಹುಡುಗಿಯನ್ನು ಮದುವೆಯಾದ, ಊರಲ್ಲಿ 500ಕ್ಕೆ ಒಬ್ಬರಲ್ಲಿ ಅದಿದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ, ಆಗ 1/2000. ನಿಮ್ಮ ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆಯಾಗಿದ್ದರೆ ಹೆದರಬೇಕಿಲ್ಲ. ಕೆಟ್ಟ ಪ್ರತಿ ಇರುವ ಮನೆತನಕ್ಕೆ ಮಾತ್ರ ಈ 1/16 ಹೊಂದುತ್ತದೆ.

ಇದು ಜಪಾನಿನ ಕಾಯಿಲೆ ಅಂತ ಬಹಳ ಕಾಲ ಅಂದುಕೊಂಡಿದ್ದರು. 2017ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಭಾರತದ ಕುಟುಂಬಗಳಲ್ಲಿ ಇದನ್ನು ಗುರುತಿಸಿ, ಎಚ್‌ಟಿಆರ್‌ಎ-1ರಲ್ಲಿ ಅದುವರೆಗೆ ಯಾರೂ ಕಾಣದ ಮೂರು ಬದಲಾವಣೆಗಳನ್ನು ವರದಿ ಮಾಡಿದರು.

ಹಾಗಾದರೆ ಎಲ್ಲರೂ ಪರೀಕ್ಷೆ ಮಾಡಿಸೋಣವೇ? ಒಂದು ಟ್ಯೂಬು ರಕ್ತ ಕೊಟ್ಟರೆ ಆಯಿತಲ್ಲ? ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಕಾಣಿಸಿ, ಎಂಆರ್‌ಐ ನೋಡಿದ ವೈದ್ಯರೇ ಹೇಳಿದರೆ ಆ ರೋಗಿಗೆ ಮಾಡಿಸುವುದು ಸರಿ. ಬೇರೆ ಕಾಯಿಲೆ ಅಂದುಕೊಂಡು ವರ್ಷಗಟ್ಟಲೆ ಸುಮ್ಮನೆ ಔಷಧ ನುಂಗುವುದು ತಪ್ಪುತ್ತದೆ. ಆದರೆ ಅಲ್ಲಿಂದ ಮುಂದಿನ ಹೆಜ್ಜೆಗೆ ನನ್ನ ವಿರೋಧವಿದೆ. "ಮಕ್ಕಳಿಗೂ ಮಾಡಿಸಿಬಿಡಿ, ಮದುವೆ ಹೊತ್ತಿಗೆ ಗೊತ್ತಿರಲಿ" ಅನ್ನುವ ಹಿರಿಯರಿರುತ್ತಾರೆ. ಬೇಡ. ಕ್ಯಾಡಸಿಲ್‌ಗೆ ಇವತ್ತಿನವರೆಗೆ ಗುಣಪಡಿಸುವ ಔಷಧವಿಲ್ಲ. ಹದಿನೈದು ವರ್ಷದ ಹುಡುಗಿಗೆ ನಲವತ್ತೈದರಲ್ಲಿ ಬರಬಹುದಾದದ್ದನ್ನು ಈಗಲೇ ಹೇಳಿ ಯಾರಿಗೆ ಏನು ಲಾಭ? ಅವಳ ಓದು ಬಿಡಿಸುತ್ತಾರೆ, ಸಂಬಂಧ ತಪ್ಪಿಸುತ್ತಾರೆ, ತಂಗಿಯರನ್ನೂ ಅದೇ ಕಣ್ಣಿನಲ್ಲಿ ನೋಡುತ್ತಾರೆ. ದೊಡ್ಡವರಾದ ಮೇಲೆ ಬರುವ, ಮದ್ದಿಲ್ಲದ ಕಾಯಿಲೆಗೆ ಮಕ್ಕಳನ್ನು ಪರೀಕ್ಷಿಸಬಾರದು ಅನ್ನುವುದೇ ಲೋಕದ ಬಹುತೇಕ ತಳಿವೈದ್ಯರ ನಿಲುವು ಕೂಡ. 18 ತುಂಬಿದ ಮೇಲೆ ತಿಳಿಯಬೇಕೋ ಬೇಡವೋ ಅನ್ನುವುದು ನಿಮ್ಮದೇ ತೀರ್ಮಾನ. ತಿಳಿಯದೇ ಇರುವ ಹಕ್ಕೂ ನಿಮಗಿದೆ.

ಇನ್ನೊಂದು ಸಂಗತಿ. ಪಾಸಿಟಿವ್ ಅಂದ ಮಾತ್ರಕ್ಕೆ ಹಣೆಬರಹ ಬರೆದಾಯಿತು ಅಂತಲ್ಲ. 2016ರಲ್ಲಿ ಸಾವಿರಾರು ಜನರ ಡಿಎನ್‌ಎ ಮಾಹಿತಿ ಜಾಲಾಡಿದಾಗ, ಸಿಸ್ಟೀನ್ ಲೆಕ್ಕ ತಪ್ಪಿದ ನಾಚ್-3 ಸುಮಾರು 300 ಜನರಲ್ಲಿ ಒಬ್ಬರಿಗೆ ಸಿಕ್ಕಿತು. ಕಾಯಿಲೆ ಅಷ್ಟು ಜನರಿಗೆ ಇಲ್ಲವೇ ಇಲ್ಲ! ತಪ್ಪು ಮೊದಲ ಆರು ತುಂಡುಗಳಲ್ಲಿದ್ದರೆ ಕಾಯಿಲೆ ಜೋರು, ಆಮೇಲಿನವುಗಳಲ್ಲಿದ್ದರೆ ಸಾಮಾನ್ಯವಾಗಿ ಮೆದು. ಬೀಡಿ ಸಿಗರೇಟು ಮುಟ್ಟದೆ ಬಿಪಿ ಹತೋಟಿಯಲ್ಲಿಟ್ಟವರು ಲಕ್ವವನ್ನು ದೂರ ತಳ್ಳಬಹುದು.

ಎಲ್ಲ ಮಕ್ಕಳಿಗೂ ಪರೀಕ್ಷೆ ಬೇಡ ಅಂತಲ್ಲ. ಎಚ್‌ಎಚ್‌ಟಿ ಅನ್ನುವ ಕಾಯಿಲೆ ಇರುವ ಮನೆಗಳಲ್ಲಿ ಮೂಗಿನಿಂದ ಪದೇ ಪದೇ ರಕ್ತ ಬರುತ್ತದೆ, ಮಿದುಳಿನಲ್ಲೂ ಶ್ವಾಸಕೋಶದಲ್ಲೂ ರಕ್ತನಾಳ ಗೋಜಲಾಗಿರಬಹುದು. ಅದನ್ನು ಮುಂಚೆಯೇ ಕಂಡರೆ ಚಿಕಿತ್ಸೆ ಉಂಟು. ಅಲ್ಲಿ ಮಕ್ಕಳನ್ನು ಪರೀಕ್ಷಿಸುವುದಕ್ಕೆ ಅರ್ಥವಿದೆ. ನನ್ನ ಅಳತೆಗೋಲು ಇಷ್ಟೇ: ಈಗ ಮಾಡುವಂಥದ್ದು ಏನಾದರೂ ಇದೆಯಾ?

ಆಸ್ಪತ್ರೆಗೆ ಅಂತ ನಮ್ಮವರು ಅನಂತಪುರಕ್ಕೆ ಹೋದರೆ ತೆಲುಗು, ಬಳ್ಳಾರಿಗೋ ಬೆಂಗಳೂರಿಗೋ ಹೋದರೆ ಕನ್ನಡ, ರಿಪೋರ್ಟು ಮಾತ್ರ ಎಲ್ಲ ಕಡೆಯೂ ಇಂಗ್ಲಿಷು. ಮನೆಗೆ ಬಂದ ಮೇಲೆ "ಏನಂತೆ, ಓದಿ ಹೇಳಪ್ಪಾ" ಅಂತ ಆ ಕಾಗದವನ್ನು ನಿಮ್ಮ ಕೈಗೇ ಕೊಡುತ್ತಾರೆ. ಅದರಲ್ಲಿ 'ಅನ್‌ಸರ್ಟನ್ ಸಿಗ್ನಿಫಿಕೆನ್ಸ್' ಅಂತ ಇದ್ದರೆ, ಬದಲಾವಣೆ ಕಂಡಿದೆ, ಅದು ಕಾಯಿಲೆ ತರುತ್ತದೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಅಂತ ಅರ್ಥ. ಕಾಯಿಲೆ ಇದೆ ಅಂತಲ್ಲ. ನಿಮಗೂ ಅರ್ಥವಾಗದಿದ್ದರೆ ಊಹಿಸಿ ಹೇಳಬೇಡಿ. ನಿಮ್ಮ ಭಾಷೆಯಲ್ಲಿ ವಿವರಿಸಿ ಅಂತ ಆಸ್ಪತ್ರೆಯಲ್ಲೇ ಕೇಳಿ. ಹಾಗೆ ವಿವರಿಸುವುದು ಅವರ ಕೆಲಸದ ಒಂದು ಭಾಗ.

ನೀವು ಈಗಲೇ ಮಾಡಬಹುದಾದ, ಕಾಸು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆದು ಮೂರು ತಲೆಮಾರು ಹಾಕಿ. ಸಂಬಂಧದಲ್ಲಿ ಮದುವೆಯಾದವರ ನಡುವೆ ಜೋಡಿ ಗೆರೆ ಎಳೆಯಿರಿ. ಲಕ್ವ, ಮರೆವು ಯಾರಿಗೆ, ಎಷ್ಟನೇ ವಯಸ್ಸಿಗೆ ಬಂತು ಅಂತ ಅಜ್ಜಿಯನ್ನು ಕೇಳಿ ಬರೆಯಿರಿ. ವೈದ್ಯರು ಕೇಳುವ ಮೊದಲ ಪ್ರಶ್ನೆಯೂ ಇದೇ. ಮೇಷ್ಟರುಗಳಿಗೂ ಟೀಚರುಗಳಿಗೂ ಒಂದು ಮಾತು: ಇದನ್ನು ಪ್ರಾಜೆಕ್ಟ್ ಅಂತ ಕೊಟ್ಟು ಗೋಡೆಗೆ ಅಂಟಿಸಬೇಡಿ. ತರಗತಿಗೆ ಕಲ್ಪಿತ ಕುಟುಂಬದ ಚಾರ್ಟ್ ಸಾಕು. ಮಕ್ಕಳ ಮನೆಯ ಚಾರ್ಟ್ ಅವರ ಮನೆಯ ಪೆಟ್ಟಿಗೆಯಲ್ಲೇ ಇರಲಿ.